ಮುಂಗಾರಿಗೆ ಮುನ್ನ ಚರಂಡಿ, ಅಂಚು, ತಿರುವು: ಹಾಸನ–ಚಿಕ್ಕಮಗಳೂರು ರಸ್ತೆಗಳ ಬಗ್ಗೆ ಬರೆಯಿರಿ

ಬಣಕಲ್ ಮೇಷ್ಟ್ರು

ಕಾಫಿಗೆ ಹೂಮಳೆ ಆಗಿದೆ. ಮುಂಗಾರಿಗೆ ಇನ್ನು ಉಳಿದಿರುವುದು ಕೆಲವೇ ವಾರ. ಹೊಸ ಕಾಮಗಾರಿಗಳಿಗೆ ಗುದ್ದಲಿ ಪೂಜೆ ನಡೆಯುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಹಳೆಯ ರಸ್ತೆಯ ಚರಂಡಿಯಲ್ಲಿ ತುಂಬಿಕೊಂಡ ಹೂಳು ಮಾತ್ರ ಇದ್ದಲ್ಲೇ ಇರುತ್ತದೆ. ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸ ಬಂದಾಗ ಮಕ್ಕಳಿಂದ ಜಾಥಾ ಮಾಡಿಸುತ್ತೇವೆ, ಹೆಲ್ಮೆಟ್ ಬಗ್ಗೆ ಪ್ರಬಂಧ ಬರೆಸುತ್ತೇವೆ. ಅದೆಲ್ಲ ಬೇಕು. ಆದರೆ ಅದೇ ಮಕ್ಕಳು ಜುಲೈಯಲ್ಲಿ ನಡೆದುಹೋಗುವ ರಸ್ತೆಯ ಮೇಲೆ ಹೊಳೆಯಂತೆ ನೀರು ಹರಿಯುತ್ತಿರುತ್ತದೆ, ಏಕೆಂದರೆ ಮೋರಿಯ ಬಾಯಿ ಕಟ್ಟಿದೆ.

ನನ್ನ ವಾದ ಇಷ್ಟು. ಮಲೆನಾಡಿನಲ್ಲಿ ರಸ್ತೆ ಸುರಕ್ಷತೆ ಶುರುವಾಗುವುದೇ ಮಳೆಗೆ ಮುಂಚಿನ ನಿರ್ವಹಣೆಯಿಂದ. ಚರಂಡಿ ತೆಗೆಯುವುದು, ಡಾಂಬರಿನ ಅಂಚಿಗೆ ಮಣ್ಣು ತುಂಬಿ ಗಟ್ಟಿ ಮಾಡುವುದು, ತಿರುವುಗಳಲ್ಲಿ ಲಂಟಾನ ಸವರುವುದು, ಬಿಳಿ ಗೆರೆ ಎಳೆಯುವುದು. ಇವು ಉದ್ಘಾಟನೆ ಇಲ್ಲದ ಕೆಲಸಗಳು, ಹಾಗಾಗಿಯೇ ಹಿಂದೆ ಬೀಳುತ್ತವೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಭಾರೀ ವಾಹನಗಳ ಓಡಾಟ ತಿಂಗಳುಗಟ್ಟಲೆ ನಿಂತದ್ದು, 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆಯೇ ಮಣ್ಣು ಜಾರಿದ್ದು ಎಲ್ಲರಿಗೂ ನೆನಪಿದೆ. ಅಂಥ ದೊಡ್ಡ ಕುಸಿತ ಆದಾಗ ಇಡೀ ರಾಜ್ಯ ನೋಡುತ್ತದೆ. ಗುಂಡಿ ತಪ್ಪಿಸಲು ಹೋಗಿ ಒಬ್ಬ ಬೈಕ್ ಸವಾರ ಬಿದ್ದರೆ ಅದು ಒಳಪುಟದ ನಾಲ್ಕು ಸಾಲು.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ತಮ್ಮ ಊರಿನ ರಸ್ತೆಯ ಸ್ಥಿತಿಯನ್ನು ಇಲ್ಲಿ ಬರೆಯಿರಿ. ಬರೀ ಬೈಗುಳ ಬೇಡ. ಯಾವ ರಸ್ತೆ, ಯಾವ ಕಲ್ಲಿನ ಹತ್ತಿರ, ಏನು ತೊಂದರೆ ಎಂಬುದು ಬೇಕು.

ಬೇಲೂರು ಬಸ್ ಚಾಲಕ

ಮೇಷ್ಟ್ರೇ, ಅಂಚಿನ ಮಾತು ತೆಗೆದದ್ದು ಒಳ್ಳೆಯದಾಯಿತು. ಗುಂಡಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ.

ರಸ್ತೆಗೆ ಹಳೆಯ ಡಾಂಬರಿನ ಮೇಲೆಯೇ ಮತ್ತೊಂದು ಪದರ ಹಾಕುತ್ತಾರೆ. ರಸ್ತೆ ಏರುತ್ತದೆ, ಪಕ್ಕದ ಮಣ್ಣು ಅಲ್ಲೇ ಇರುತ್ತದೆ. ಎರಡು ಮಳೆಗಾಲ ಕಳೆದರೆ ಆ ಮಣ್ಣೂ ಕೊಚ್ಚಿಹೋಗಿ ಒಂದು ಗೇಣಿನಷ್ಟು ಮೆಟ್ಟಿಲು ಉಳಿಯುತ್ತದೆ. ಎದುರಿನಿಂದ ಸಿಲ್ವರ್ ಓಕ್ ದಿಮ್ಮಿ ತುಂಬಿದ ಲಾರಿ ಬಂದರೆ ನಾನು ಎಡಗಡೆ ಚಕ್ರ ಇಳಿಸಲೇಬೇಕು. ಬಸ್ಸು ವಾಲಿ ಒಳಗಿದ್ದವರು ಕಿರುಚುತ್ತಾರೆ. ಆದರೂ ಬಸ್ಸು ದೊಡ್ಡ ಗಾಡಿ, ತಡೆದುಕೊಳ್ಳುತ್ತದೆ. ನನ್ನ ಹಿಂದೆ ಬರುವ ಸ್ಕೂಟರಿನವರ ಗತಿ ಯೋಚಿಸಿ. ಅಂಚಿನಿಂದ ಕೆಳಗಿಳಿದ ಸಣ್ಣ ಚಕ್ರ ಮತ್ತೆ ಮೇಲೆ ಹತ್ತಲು ಹೋದಾಗ ಅಂಚಿಗೆ ಉಜ್ಜಿ ಗಾಡಿ ಅಡ್ಡ ಬೀಳುತ್ತದೆ. ಬೀಳುವುದು ರಸ್ತೆಯ ಒಳಗಡೆಗೆ, ಎಂದರೆ ಬರುತ್ತಿರುವ ಗಾಡಿಯ ಕೆಳಗೆ.

ಮಂಜು ಕವಿದ ಬೆಳಗಿನಲ್ಲಿ ನಮಗೆ ದಾರಿ ತೋರಿಸುವುದು ಅಂಚಿನ ಬಿಳಿ ಗೆರೆ ಒಂದೇ. ಗೆರೆ ಅಳಿಸಿಹೋದ ಕಡೆ ಮುಂದಿನ ಗಾಡಿಯ ಕೆಂಪು ದೀಪವನ್ನು ನಂಬಿಕೊಂಡು ಹೋಗುತ್ತೇವೆ. ಅದು ದಾರಿ ತಪ್ಪಿದರೆ ನಾವೂ ತಪ್ಪಿದಂತೆಯೇ. ಒಂದು ಡಬ್ಬಿ ಬಣ್ಣಕ್ಕೆ ಎಷ್ಟು ಖರ್ಚಾಗುತ್ತದೆ?

ಮುಳ್ಳಯ್ಯನಗಿರಿ ಜೀಪ್

ನನ್ನದು ಬೇರೆ ಅಭಿಪ್ರಾಯ. ರಸ್ತೆ ಚೆನ್ನಾಗಿ ಮಾಡಿದಷ್ಟೂ ವೇಗ ಹೆಚ್ಚುತ್ತದೆ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬರುವವರು ರಾತ್ರಿಯಿಡೀ ಗಾಡಿ ಓಡಿಸಿ, ನಿದ್ದೆಗಣ್ಣಿನಲ್ಲಿ ಗಿರಿ ಹತ್ತುತ್ತಾರೆ. 1,930 ಮೀಟರ್ ಎತ್ತರದ ಬೆಟ್ಟದ ರಸ್ತೆ ಅದು. ಇಳಿಯುವಾಗ ಗೇರ್ ಕಡಿಮೆ ಮಾಡಬೇಕೆಂದು ಗೊತ್ತಿಲ್ಲ, ಬ್ರೇಕ್ ಮೇಲೆಯೇ ಕಾಲಿಟ್ಟು ಬಿಸಿ ಮಾಡಿಕೊಂಡು ಹೊಗೆ ಬರಿಸುತ್ತಾರೆ. ಇದಕ್ಕೆ ಚರಂಡಿ ಏನು ಮಾಡೀತು? ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ದೇಶದ ರಸ್ತೆ ಸಾವುಗಳಲ್ಲಿ ಶೇ 71ಕ್ಕೂ ಹೆಚ್ಚು ಅತಿವೇಗದ ಲೆಕ್ಕದಲ್ಲಿವೆ. ಮೊದಲು ವೇಗಕ್ಕೆ ಕಡಿವಾಣ ಹಾಕಿ.

ಚಿಕ್ಕಮಗಳೂರು ವಕೀಲೆ

ಜೀಪಿನ ಅಣ್ಣನವರೇ, ಆ ಅಂಕಿ ಸರಿ. ಅದು ಹೇಗೆ ಹುಟ್ಟುತ್ತದೆ ಎಂಬುದನ್ನೂ ನೋಡಿ. ಅಪಘಾತವಾದರೆ ಪೊಲೀಸರು ಪ್ರಕರಣ ದಾಖಲಿಸುವುದು ಚಾಲಕನ ಮೇಲೆ: ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281, ಸಾವಾದರೆ 106. 'ಅತಿವೇಗ ಮತ್ತು ಅಜಾಗರೂಕತೆ' ಎಂಬ ಸಾಲು ದೂರಿನಲ್ಲಿ ತಾನಾಗಿಯೇ ಬಂದು ಕೂರುತ್ತದೆ. ತಿರುವಿನಲ್ಲಿ ಪೊದೆ ಬೆಳೆದು ಎದುರಿನ ಗಾಡಿ ಕಾಣುತ್ತಿರಲಿಲ್ಲ, ಅಂಚು ಕುಸಿದಿತ್ತು ಎಂಬುದು ಮಹಜರಿನಲ್ಲಿ ಅಪರೂಪಕ್ಕೆ ಬಂದರೆ ಬಂತು. ವೇಗ ಕಾರಣವಲ್ಲ ಎಂದು ನಾನು ಹೇಳುತ್ತಿಲ್ಲ. ರಸ್ತೆಯ ಪಾಲು ಎಷ್ಟು ಎಂಬುದು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ ಎನ್ನುತ್ತಿದ್ದೇನೆ.

ಈಗ ಇ-ಡಾರ್ ಎಂಬ ಆನ್‌ಲೈನ್ ಅಪಘಾತ ದಾಖಲೆ ವ್ಯವಸ್ಥೆ ಇದೆ. ಪೊಲೀಸರ ಜೊತೆಗೆ ಸಾರಿಗೆ, ಆರೋಗ್ಯ ಮತ್ತು ರಸ್ತೆ ಇಲಾಖೆಯವರೂ ಅದರಲ್ಲಿ ತಮ್ಮ ಭಾಗ ತುಂಬಬೇಕು. ರಸ್ತೆಯ ಸ್ಥಿತಿಯ ಭಾಗವನ್ನು ಎಂಜಿನಿಯರ್ ಸ್ಥಳಕ್ಕೆ ಬಂದು ನೋಡಿ ತುಂಬಿದರೆ ನಮ್ಮ ಅರ್ಧ ವಾದ ಗೆದ್ದಂತೆ.

ಹಾಸನ ನಿವೃತ್ತ ಎಂಜಿನಿಯರ್

ಇಲಾಖೆಯಲ್ಲಿ ಕೆಲಸ ಮಾಡಿ ಬಂದವನು ನಾನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಡಾಂಬರು ರಸ್ತೆಗೆ ನೀರೇ ಶತ್ರು. ಬಿರುಕಿನಿಂದ ಒಳಗಿಳಿದ ನೀರಿನ ಮೇಲೆ ಲಾರಿಯ ಚಕ್ರ ಹೋದಾಗ ಒತ್ತಡಕ್ಕೆ ಸಿಕ್ಕಿದ ನೀರು ಜಲ್ಲಿಗೂ ಡಾಂಬರಿಗೂ ಇರುವ ಹಿಡಿತವನ್ನು ಬಿಡಿಸುತ್ತದೆ. ಜಲ್ಲಿ ಎದ್ದಲ್ಲಿ ಗುಂಡಿ. ಆದ್ದರಿಂದ ನೀರು ರಸ್ತೆಯ ಮೇಲೆ ನಿಲ್ಲದಂತೆ ನಡುಭಾಗ ಉಬ್ಬಿಸಿ, ಎರಡೂ ಬದಿಗೆ ಮೀಟರಿಗೆ ಎರಡು, ಎರಡೂವರೆ ಸೆಂಟಿಮೀಟರ್ ಇಳಿಜಾರು ಕೊಡುತ್ತಾರೆ. ಇಳಿದ ನೀರು ಮಣ್ಣಿನ ಅಂಚನ್ನು ದಾಟಿ ಚರಂಡಿಗೆ, ಚರಂಡಿಯಿಂದ ಮೋರಿಗೆ, ಮೋರಿಯಿಂದ ಹಳ್ಳಕ್ಕೆ ಹೋಗಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ನೀರು ವಾಪಸ್ ರಸ್ತೆಗೇ ಬರುತ್ತದೆ. ಅಂಚಿನಲ್ಲಿ ಹುಲ್ಲು, ಮಣ್ಣು ಏರಿಕೊಂಡು ರಸ್ತೆಗಿಂತ ಎತ್ತರವಾದರೆ ಪಕ್ಕದಲ್ಲಿ ಎಷ್ಟು ಒಳ್ಳೆಯ ಚರಂಡಿ ಇದ್ದರೂ ಪ್ರಯೋಜನವಿಲ್ಲ. ಬಸ್ ಚಾಲಕರು ಹೇಳಿದ್ದು ಅಂಚು ತಗ್ಗಾದ ಕಥೆ, ನಾನು ಹೇಳುತ್ತಿರುವುದು ಅಂಚು ಏರಿದ ಕಥೆ. ಒಂದೇ ರಸ್ತೆಯಲ್ಲಿ ಎರಡೂ ಸಿಗುತ್ತವೆ.

ಹಿಂದೆ ಮೈಲುಗೂಲಿಗಳು ಎಂದಿದ್ದರು. ಇಂತಿಷ್ಟು ದೂರಕ್ಕೆ ಇಂತಿಂಥವರು ಎಂದು ಗೊತ್ತಿರುತ್ತಿತ್ತು. ಮಳೆ ಬಂದಾಗ ಗುದ್ದಲಿ ಹಿಡಿದು ಹೋಗಿ ಕಟ್ಟಿದ ನೀರು ಬಿಡಿಸುತ್ತಿದ್ದರು. ಆ ಜಾಗದಲ್ಲಿ ಈಗ ವಾರ್ಷಿಕ ಗುತ್ತಿಗೆ ಬಂದಿದೆ. ಗುತ್ತಿಗೆಯೇ ತಪ್ಪು ಎನ್ನುವುದಿಲ್ಲ. ಆದರೆ ರಾತ್ರಿ ಮಳೆಯಲ್ಲಿ ಮರದ ಕೊಂಬೆ ಮೋರಿಗೆ ಸಿಕ್ಕಿಕೊಂಡರೆ ಬೆಳಿಗ್ಗೆ ಆರಕ್ಕೆ ತೆಗೆಯುವವರು ಯಾರು ಎಂಬ ಪ್ರಶ್ನೆಗೆ ಗುತ್ತಿಗೆಯ ಕಾಗದದಲ್ಲಿ ಉತ್ತರ ಇರಬೇಕು.

ಇನ್ನೊಂದು ಮುಖ್ಯ ತೊಡಕು ಹಣದ ವರ್ಷ. ನಮ್ಮ ಲೆಕ್ಕದ ವರ್ಷ ಏಪ್ರಿಲ್‌ನಿಂದ ಶುರು. ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಇಷ್ಟೂ ಮುಗಿಯುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಮಳೆಯಲ್ಲಿ ಬಿಸಿ ಡಾಂಬರು ಹಾಕುವಂತಿಲ್ಲ. ಮಲೆನಾಡು ತಾಲ್ಲೂಕುಗಳ ನಿರ್ವಹಣೆಗೆ ಅಕ್ಟೋಬರ್‌ನಲ್ಲೇ ಅಂದಾಜು ಮಾಡಿ, ಫೆಬ್ರುವರಿಯೊಳಗೆ ಕಾರ್ಯಾದೇಶ ಕೊಟ್ಟು, ಮೇ ಕೊನೆಗೆ ಮುಗಿಸುವಂತಾಗಬೇಕು. ನೀವು ಮನವಿ ಕೊಡುವುದಾದರೆ ಇದನ್ನೇ ಕೇಳಿ. 'ರಸ್ತೆ ಸರಿ ಮಾಡಿ' ಎಂದು ಬರೆದ ಅರ್ಜಿಗಳನ್ನು ನಾನು ರಾಶಿರಾಶಿ ನೋಡಿದ್ದೇನೆ, ಅವುಗಳಿಗೆ 'ಅನುದಾನ ಬಂದ ಕೂಡಲೇ ಕ್ರಮ ವಹಿಸಲಾಗುವುದು' ಎಂಬ ಉತ್ತರವೂ ಸಿದ್ಧವಾಗಿರುತ್ತದೆ.

ಆಲ್ದೂರಿನ ತಾಯಿ

ಸರ್, ನಮ್ಮ ಮಕ್ಕಳ ಶಾಲೆಯ ಮುಂದೆ ಹಂಪ್ ಹಾಕಿಸಿ ಎಂದು ಕೇಳಿ ಕೇಳಿ ಸಾಕಾಗಿದೆ. ಬಾಳೆಹೊನ್ನೂರು ಕಡೆಗೆ ಹೋಗುವ ಗಾಡಿಗಳು ನಿಲ್ಲುವುದೇ ಇಲ್ಲ. ಕೊನೆಗೆ ಊರಿನ ಹುಡುಗರೇ ಸೇರಿ ಜಲ್ಲಿ, ಸಿಮೆಂಟ್ ಹಾಕಿ ಒಂದು ದಿಣ್ಣೆ ಕಟ್ಟಿದರು. ಅದನ್ನು ಒಂದೇ ವಾರದಲ್ಲಿ ಒಡೆದುಹಾಕಿದರು. ನಾವು ಮಕ್ಕಳನ್ನು ಕಳೆದುಕೊಂಡ ಮೇಲೆ ಹಾಕುತ್ತಾರೆಯೇ?

ಹಾಸನ ನಿವೃತ್ತ ಎಂಜಿನಿಯರ್

ತಾಯಿ, ನಿಮ್ಮ ಆತಂಕ ನ್ಯಾಯವಾದದ್ದು. ಶಾಲೆಯ ಮುಂದೆ ವೇಗ ತಗ್ಗಲೇಬೇಕು. ಆದರೆ ಹುಡುಗರು ಕಟ್ಟಿದ ದಿಣ್ಣೆ ಅಪಾಯಕಾರಿ, ಅದನ್ನು ತೆಗೆದದ್ದು ಸರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಎಂಬ ಮಾರ್ಗಸೂಚಿಯಲ್ಲಿ ಹಂಪಿನ ಅಳತೆ ಇದೆ: ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಿದರೆ ಗಾಡಿ ಎತ್ತಿಹಾಕುವುದಿಲ್ಲ. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ ಇರಬೇಕು, ಹಂಪಿನ ಮೇಲೆ ಬಣ್ಣದ ಪಟ್ಟೆ ಇರಬೇಕು. ಒಂದು ಅಡಿ ಅಗಲದ ಸಿಮೆಂಟ್ ದಿಣ್ಣೆ ರಾತ್ರಿ ಮಳೆಯಲ್ಲಿ ಬೈಕ್ ಸವಾರನನ್ನು ಕೊಲ್ಲುತ್ತದೆ. ಇನ್ನು ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಹಂಪ್‌ಗಳನ್ನು ತೆಗೆಯಬೇಕೆಂದು 2016ರಲ್ಲೇ ಕೇಂದ್ರ ಸಚಿವಾಲಯ ಸುತ್ತೋಲೆ ಹೊರಡಿಸಿದೆ.

ಹಂಪ್ ಒಂದನ್ನೇ ಕೇಳಬೇಡಿ. ಶಾಲೆಯ ಎರಡೂ ಬದಿಗೆ ಫಲಕ, ದಾಟಲು ಪಟ್ಟೆ, ಗೇಟಿನಿಂದ ದಾಟುವ ಜಾಗದವರೆಗೆ ಕಾಲುದಾರಿ, ಬಸ್ ನಿಲ್ಲಲು ರಸ್ತೆಯಿಂದ ಹೊರಗೆ ಜಾಗ ಇವೆಲ್ಲ ಸೇರಿಸಿ ಬರೆಯಿರಿ. ಮಕ್ಕಳು ರಸ್ತೆಯಲ್ಲೇ ನಿಂತು ಬಸ್ಸಿಗೆ ಕಾಯುತ್ತಿದ್ದರೆ ಹಂಪ್ ಇದ್ದರೂ ಸಾಲದು.

108 ಸಿಬ್ಬಂದಿ, ಅರಸೀಕೆರೆ ಕಡೆ

ಹಂಪಿನ ಬಗ್ಗೆ ನಮ್ಮದೂ ಒಂದು ಮಾತು. ಬೆನ್ನುಮೂಳೆಗೆ ಏಟು ಬಿದ್ದವರನ್ನು ಮಲಗಿಸಿಕೊಂಡು ಅಳತೆಯಿಲ್ಲದ ಸಾಲು ದಿಣ್ಣೆಗಳ ಮೇಲೆ ಹೋಗುವಾಗ ಪ್ರತಿ ಸಲವೂ ಒಳಗಿನಿಂದ ನೋವಿನ ಕೂಗು ಬರುತ್ತದೆ. ನಿಧಾನ ಮಾಡಿದರೆ ಸಮಯ ಹೋಗುತ್ತದೆ, ವೇಗವಾಗಿ ಹೋದರೆ ಗಾಯ ಹೆಚ್ಚುತ್ತದೆ.

ಇಲ್ಲಿ ಓದುವವರು ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಅಪಘಾತ ನೋಡಿದವರು ಪೊಲೀಸ್, ಕೋರ್ಟ್ ಎಂದು ಹೆದರಿ ಗಾಡಿ ನಿಲ್ಲಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ಎ ಪ್ರಕಾರ ಸದುದ್ದೇಶದಿಂದ ನೆರವಾದವರ ಮೇಲೆ ಪ್ರಕರಣ ಹಾಕುವಂತಿಲ್ಲ, ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ. 2025ರ ಮೇ ತಿಂಗಳಿನಿಂದ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ಬಂದಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033, ಎಲ್ಲಿಯಾದರೂ 112 ಅಥವಾ 108. ಕರೆ ಮಾಡುವಾಗ ಪಕ್ಕದ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ಹೇಳಿ. 'ಆ ದೊಡ್ಡ ಆಲದ ಮರದ ತಿರುವು' ಎಂದರೆ ನಮಗೆ ಹುಡುಕುವುದೇ ಕೆಲಸವಾಗುತ್ತದೆ. ಎಷ್ಟೋ ಕಡೆ ಕಲ್ಲೇ ಪೊದೆಯೊಳಗೆ ಮುಚ್ಚಿಹೋಗಿದೆ, ಅದೂ ನಿರ್ವಹಣೆಯ ಲೆಕ್ಕಕ್ಕೇ ಸೇರಬೇಕಲ್ಲವೇ?

ಸಕಲೇಶಪುರ ಬೆಳೆಗಾರ

ಚರಂಡಿ ಕಟ್ಟಿಕೊಳ್ಳಲು ತೋಟದವರೇ ಕಾರಣ ಎಂದು ಯಾರಾದರೂ ಹೇಳುವ ಮೊದಲೇ ಬರೆಯುತ್ತಿದ್ದೇನೆ. ತೋಟದ ಗೇಟಿಗೆ ಗಾಡಿ ಇಳಿಯಬೇಕಾದರೆ ಚರಂಡಿ ದಾಟಲೇಬೇಕು. ಇಲಾಖೆಯವರು ಅಲ್ಲಿ ಸ್ಲ್ಯಾಬ್ ಹಾಕಿಕೊಡುವುದಿಲ್ಲ, ನಾವು ಪೈಪ್ ಹಾಕಿ ಮಣ್ಣು ಮುಚ್ಚಿಕೊಳ್ಳುತ್ತೇವೆ. ಚರಂಡಿ ತೋಡುವ ಯಂತ್ರ ಬಂದಾಗ ನಮ್ಮನ್ನು ಕೇಳದೆ ಗೇಟಿನ ದಾರಿ ಕಿತ್ತುಹಾಕಿ ಹೋದರೆ ಕೊಯ್ಲಿನ ಸಮಯದಲ್ಲಿ ನಾವು ಏನು ಮಾಡಬೇಕು?

ನಮ್ಮ ಹಾನಬಾಳು ಕಡೆ ಮತ್ತೊಂದು ಸಂಗತಿ ಇದೆ. ಆನೆಗಳು ರಸ್ತೆ ದಾಟುವ ಜಾಗಗಳಲ್ಲಿ ಎರಡೂ ಬದಿ ಲಂಟಾನ ಆಳೆತ್ತರ ಬೆಳೆದಿದೆ. ಸಂಜೆ ಹೊತ್ತು ಕೂಲಿಯವರು ನಡೆದುಹೋಗುವ ದಾರಿ ಅದು. ಆನೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ಪೊದೆ ಸವರುವುದು ನಮಗೆ ಜೀವದ ಪ್ರಶ್ನೆ.

ಬಣಕಲ್ ಮೇಷ್ಟ್ರು

ಗೌಡರೇ, ಆನೆಯ ವಿಷಯ ಪಟ್ಟಿಗೆ ಸೇರಿಸಿದೆ. ಪೈಪಿನ ವಿಷಯದಲ್ಲಿ ಮಾತ್ರ ನನಗೆ ಒಪ್ಪಿಗೆ ಇಲ್ಲ. ಅರ್ಧ ಅಡಿ ಪೈಪಿನಲ್ಲಿ ಮಲೆನಾಡಿನ ಮಳೆ ನೀರು ಹೋಗುವುದಿಲ್ಲ. ಮೊದಲ ದೊಡ್ಡ ಮಳೆಗೇ ಎಲೆ, ಕಸ ಸಿಕ್ಕಿಕೊಂಡು ಕಟ್ಟುತ್ತದೆ, ಮೇಲಿನಿಂದ ಬಂದ ನೀರೆಲ್ಲ ರಸ್ತೆಗೆ ಹತ್ತುತ್ತದೆ. ನಿಮ್ಮ ಗೇಟಿನ ಮುಂದೆ ಕೆಟ್ಟ ರಸ್ತೆಯಲ್ಲಿ ನಿಮ್ಮದೇ ತೋಟದ ಕೂಲಿಯವರು ಬೀಳುತ್ತಾರೆ. ತೋಟಗಳಷ್ಟೇ ಅಲ್ಲ, ನಮ್ಮ ಪೇಟೆಯ ಅಂಗಡಿಗಳ ಮುಂದೆಯೂ ಚರಂಡಿಯ ಮೇಲೆ ಕಾಂಕ್ರೀಟ್ ಹಾಕಿ ಮುಚ್ಚಿದ್ದಾರೆ, ಒಳಗೆ ಕೈ ಹಾಕಿ ಹೂಳು ತೆಗೆಯಲು ಒಂದು ಸಂದು ಕೂಡ ಇಲ್ಲ. ಇದನ್ನು ಗ್ರಾಮಸಭೆಯಲ್ಲಿ ಎತ್ತಿದರೆ ಮುಖ ಮುರಿಯುವವರೇ ಹೆಚ್ಚು. ಆದರೂ ಎತ್ತಬೇಕು.

ಸಕಲೇಶಪುರ ಬೆಳೆಗಾರ

ಹಾಗಾದರೆ ಎತ್ತಿ ತೆಗೆಯಬಹುದಾದ ಸ್ಲ್ಯಾಬಿನ ನಮೂನೆಯನ್ನು ಇಲಾಖೆಯೇ ಕೊಡಲಿ. ಅದೇ ಅಳತೆಗೆ ನಮ್ಮ ಖರ್ಚಿನಲ್ಲಿ ಹಾಕಿಸಿಕೊಳ್ಳುತ್ತೇವೆ. ಇದನ್ನು ಬೆಳೆಗಾರರ ಸಭೆಯಲ್ಲಿ ನಾನೇ ಮಂಡಿಸುತ್ತೇನೆ.

ಹೊಳೆನರಸೀಪುರ ರಸ್ತೆಯವನು

ನಮ್ಮದು ಬಯಲುಸೀಮೆ, ಚರಂಡಿಗಿಂತ ಬೇರೆ ಸಂಕಟ. 2025ರ ಸೆಪ್ಟೆಂಬರ್‌ನಲ್ಲಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ಎಳೆಯ ಹುಡುಗರು. ಅದರ ಬಗ್ಗೆ ಬರೆಯಲು ಇಂದಿಗೂ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಹಾಸನ–ಹೊಳೆನರಸೀಪುರ ರಸ್ತೆ ನಮಗೆ ಊರಬೀದಿಯೂ ಹೌದು, ಲಾರಿಗಳಿಗೆ ಹೆದ್ದಾರಿಯೂ ಹೌದು. ಹಬ್ಬ, ಜಾತ್ರೆ, ಮದುವೆ ಮೆರವಣಿಗೆ ಎಲ್ಲವೂ ಅದರ ಮೇಲೆಯೇ ನಡೆಯುತ್ತವೆ, ಏಕೆಂದರೆ ಬೇರೆ ಜಾಗ ಇಲ್ಲ. ಹಬ್ಬಕ್ಕೆ ಅನುಮತಿ ಕೊಡುವಾಗಲೇ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಭಾರೀ ವಾಹನಗಳನ್ನು ಎಲ್ಲಿ ತಡೆಯಬೇಕು, ಬ್ಯಾರಿಕೇಡ್ ಎಲ್ಲಿ, ದೀಪ ಎಲ್ಲಿ ಎಂದು ಬರೆದುಕೊಡಲಿ. ಪೊಲೀಸರು ಸಾಲದಿದ್ದರೆ ಊರಿನವರಿಗೇ ಪ್ರತಿಫಲಿಸುವ ಅಂಗಿ, ಕೆಂಪು ದೀಪ ಕೊಟ್ಟು ನಿಲ್ಲಿಸಲಿ. ಹಾಸನಾಂಬ ದರ್ಶನದ ದಿನಗಳಲ್ಲಿ ನಗರದೊಳಗೆ ಇಷ್ಟೆಲ್ಲ ಏರ್ಪಾಡು ಮಾಡುವುದು ಸಾಧ್ಯವಾದರೆ ಹಳ್ಳಿಯ ಒಂದು ರಾತ್ರಿಗೆ ಏಕೆ ಆಗುವುದಿಲ್ಲ?

ಬೇಲೂರು ಬಸ್ ಚಾಲಕ

ಇದಕ್ಕೆ ನನ್ನ ಪೂರ್ತಿ ಬೆಂಬಲ. ಮುಂದೆ ಮೆರವಣಿಗೆ ಇದೆ ಎಂದು ಒಂದು ಕಿಲೋಮೀಟರ್ ಮೊದಲೇ ತಿಳಿದರೆ ಯಾವ ಚಾಲಕನೂ ವೇಗ ತಗ್ಗಿಸುತ್ತಾನೆ. ತಿರುವು ದಾಟಿದ ಕೂಡಲೇ ಜನ ಕಂಡರೆ ತುಂಬಿದ ಗಾಡಿ ನಿಲ್ಲುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಅರಸೀಕೆರೆ ಹತ್ತಿರ ಬಸ್ಸಿಗೂ ಹಾಲಿನ ಟ್ಯಾಂಕರಿಗೂ ನಡುವೆ ಟೆಂಪೊ ಸಿಕ್ಕಿ ಒಂಬತ್ತು ಜನ ಹೋದದ್ದು ಕೇಳಿದಾಗಿನಿಂದ ರಾತ್ರಿ ಪಾಳಿಯೆಂದರೆ ನನಗೆ ಕೈ ನಡುಗುತ್ತದೆ.

ಚಿಕ್ಕಮಗಳೂರು ವಕೀಲೆ

ಈಗ ಅರ್ಜಿ ಯಾರಿಗೆ ಎಂಬ ವಿಷಯಕ್ಕೆ ಬರೋಣ. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆಗಳು ಪಂಚಾಯತ್ ರಾಜ್ ಎಂಜಿನಿಯರಿಂಗ್ ಕಡೆಗೆ ಬರುತ್ತವೆ. ರಾಷ್ಟ್ರೀಯ ಹೆದ್ದಾರಿಗಳಲ್ಲೂ ಕೆಲವು ಪ್ರಾಧಿಕಾರದ ಕೈಯಲ್ಲಿ, ಕೆಲವು ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗದ ಕೈಯಲ್ಲಿವೆ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಸುತ್ತುತ್ತದೆ. ಗ್ರಾಮ ಸಡಕ್ ರಸ್ತೆಯಾದರೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಿಸಬೇಕು, ರಸ್ತೆ ಶುರುವಾಗುವಲ್ಲಿನ ಫಲಕದಲ್ಲಿ ದಿನಾಂಕ ಇರುತ್ತದೆ.

ಇನ್ನು ಕಾನೂನಿನ ಹೊಣೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 198ಎ 2019ರ ತಿದ್ದುಪಡಿಯಲ್ಲಿ ಬಂದದ್ದು. ನಿಗದಿತ ಮಾನದಂಡದಂತೆ ರಸ್ತೆ ಕಟ್ಟದೆ, ನಿರ್ವಹಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮೊತ್ತ ಚಿಕ್ಕದು, ಆದರೆ ಹೊಣೆ ಎಂಬುದು ಕಾಯ್ದೆಯಲ್ಲಿ ಬಂದಿದೆ. ಈ ಹೊಣೆ ಹೊರಿಸಬೇಕಾದರೆ ಅಪಾಯದ ಬಗ್ಗೆ ಮೊದಲೇ ತಿಳಿಸಿದ್ದಕ್ಕೆ ದಾಖಲೆ ಬೇಕು. ಫೋನಿನಲ್ಲಿ ಹೇಳಿದ್ದು ದಾಖಲೆಯಲ್ಲ. ಬರೆದುಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳುಹಿಸಿ.

ಆ ಸಮಿತಿ ಸಾಮಾನ್ಯವಾಗಿ ನೋಡುವುದು ಕಪ್ಪು ಚುಕ್ಕೆಗಳನ್ನು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆದರೆ ಅದು ಕಪ್ಪು ಚುಕ್ಕೆ. ಎಂದರೆ ಜನ ಸತ್ತ ಮೇಲೆ ಜಾಗ ಪಟ್ಟಿಗೆ ಬರುತ್ತದೆ. ನಮ್ಮ ತೋಟದ ನಡುವಿನ ತಿರುವಿನಲ್ಲಿ ವರ್ಷಕ್ಕೊಬ್ಬರು ಬಿದ್ದು ಕೈಕಾಲು ಮುರಿದುಕೊಂಡರೆ ಅದು ಯಾವ ಪಟ್ಟಿಗೂ ಬರುವುದಿಲ್ಲ. ಅದಕ್ಕೇ ಮೇಷ್ಟ್ರು ಕೇಳುತ್ತಿರುವ ಮಾಹಿತಿಗೆ ಬೆಲೆ ಇದೆ. ಪಟ್ಟಿಗೆ ಬರದ ಜಾಗಗಳನ್ನು ನಾವೇ ಬರೆದು ಕೊಡಬೇಕು.

ಮುಳ್ಳಯ್ಯನಗಿರಿ ಜೀಪ್

ಅಕ್ಕ ಹೇಳಿದ್ದು ಅರ್ಥವಾಯಿತು. ವೇಗದ ಮಾತನ್ನು ಬಿಡುವುದಿಲ್ಲ, ಆದರೆ ಗಿರಿ ರಸ್ತೆಯ ತಡೆಗೋಡೆ ಒಡೆದಿರುವ ಜಾಗಗಳ ಫೋಟೊಗಳನ್ನು ನಾನು ಕಳುಹಿಸುತ್ತೇನೆ. ಇಳಿಜಾರಿನಲ್ಲಿ 'ಕಡಿಮೆ ಗೇರಿನಲ್ಲಿ ಇಳಿಯಿರಿ' ಎಂಬ ದೊಡ್ಡ ಫಲಕ ಬೇಕೆಂದೂ ಸೇರಿಸಿ. ಕನ್ನಡದ ಜೊತೆಗೆ ಚಿತ್ರವೂ ಇರಲಿ, ಬರುವವರಲ್ಲಿ ಹೊರರಾಜ್ಯದವರೂ ಇರುತ್ತಾರೆ.

ಬಣಕಲ್ ಮೇಷ್ಟ್ರು

ಸರಿ. ಮನವಿ ಎರಡು ಭಾಗದಲ್ಲಿರಲಿ. ಮೊದಲ ಭಾಗದಲ್ಲಿ ಈ ಮಳೆಗಾಲಕ್ಕೆ ಮುನ್ನ ಆಗಲೇಬೇಕಾದದ್ದು: ಹೂಳು, ಮೋರಿ, ಅಂಚು, ಪೊದೆ, ಗೆರೆ, ಶಾಲೆಗಳ ಮುಂದಿನ ಫಲಕ. ಎರಡನೆಯದರಲ್ಲಿ ಎಂಜಿನಿಯರ್ ಸರ್ ಹೇಳಿದ ಅಕ್ಟೋಬರ್–ಮೇ ವೇಳಾಪಟ್ಟಿ, ತೋಟದ ಗೇಟಿನ ಸ್ಲ್ಯಾಬಿನ ನಮೂನೆ, ಹಬ್ಬದ ದಿನಗಳ ಏರ್ಪಾಡು. ಕರಡನ್ನು ವಕೀಲೆ ಮೇಡಂ ನೋಡಿಕೊಡಲು ಒಪ್ಪಿದ್ದಾರೆ. ಎರಡು ಜಿಲ್ಲೆಯಾದ್ದರಿಂದ ಎರಡು ಪ್ರತಿ ಬೇಕು.

ಕೊಟ್ಟಿಗೆಹಾರದಿಂದ ಮೂಡಿಗೆರೆವರೆಗಿನ ಮೋರಿಗಳನ್ನು ನಾನೂ ಹಳೆಯ ವಿದ್ಯಾರ್ಥಿಗಳೂ ನೋಡಿ ಬರೆಯುತ್ತೇವೆ. ಮೂಡಿಗೆರೆಯಿಂದ ಬೇಲೂರಿನವರೆಗೆ ಯಾರಾದರೂ ಬೇಕು.

ಬೇಲೂರು ಬಸ್ ಚಾಲಕ

ನಾನು ಇದ್ದೇನೆ. ರಜೆಯ ದಿನ ತಮ್ಮನ ಬೈಕಿನಲ್ಲಿ ಹೋಗಿ ಅಂಚು ತಗ್ಗಾದ ಜಾಗಗಳನ್ನು ಅಳತೆ ಟೇಪ್ ಇಟ್ಟು ಫೋಟೊ ತೆಗೆಯುತ್ತೇನೆ.

ಸಕಲೇಶಪುರ ಬೆಳೆಗಾರ

ಹಾನಬಾಳು ರಸ್ತೆ ನನಗಿರಲಿ. ಜೊತೆಗೆ ಬರುವವರು ಬೆಳಿಗ್ಗೆ ಎಂಟರ ನಂತರ ಬನ್ನಿ, ಸಂಜೆ ನಾಲ್ಕರೊಳಗೆ ಮುಗಿಸಿಬಿಡೋಣ. ಆನೆ ಎಲ್ಲಿದೆ ಎಂದು ಹಿಂದಿನ ರಾತ್ರಿ ಅರಣ್ಯ ಇಲಾಖೆಯವರನ್ನು ಕೇಳಿ ತಿಳಿಸುತ್ತೇನೆ.

ಆಲ್ದೂರಿನ ತಾಯಿ

ಶಾಲೆಯ ಮುಂದಿನ ಜಾಗದ ಅಳತೆ ತೆಗೆಯುವುದು ಹೇಗೆಂದು ಎಂಜಿನಿಯರ್ ಸರ್ ಒಂದು ಸಲ ಬರೆದು ಹಾಕುತ್ತೀರಾ? ಗೇಟಿನಿಂದ ತಿರುವಿಗೆ ಎಷ್ಟು ದೂರ ಎಂಬುದನ್ನೂ ಬರೆಯಬೇಕೇ?

ಹಾಸನ ನಿವೃತ್ತ ಎಂಜಿನಿಯರ್

ಬರೆಯಬೇಕು ತಾಯಿ, ಅದೇ ಮುಖ್ಯ. ಗೇಟಿನ ಮುಂದೆ ಮಗುವಿನ ಎತ್ತರಕ್ಕೆ ಕುಳಿತು ನೋಡಿ. ಬರುವ ಗಾಡಿ ಮೊದಲು ಕಾಣಿಸುವ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ, ಅಲ್ಲಿಂದ ಗೇಟಿನವರೆಗೆ ಟೇಪ್ ಹಿಡಿಯಿರಿ. ಎರಡೂ ದಿಕ್ಕಿಗೆ ಹಾಗೆಯೇ ಮಾಡಿ. ರಸ್ತೆಯ ಅಗಲ, ಮಕ್ಕಳು ಬಿಡುವ ಹೊತ್ತು, ಬಸ್ ನಿಲ್ಲುವ ಜಾಗ ಇವನ್ನೂ ಬರೆದುಕೊಳ್ಳಿ. ಅಳೆಯುವಾಗ ಎರಡೂ ಕಡೆ ಕೆಂಪು ಬಟ್ಟೆ ಹಿಡಿದು ಒಬ್ಬೊಬ್ಬರು ನಿಂತಿರಲಿ.